ಕೋಡ್ ಬರೆಯುವ ಯಂತ್ರ: ಹೊಣೆ ಯಾರದು?

ಗಣಕಯಂತ್ರದಿಂದ ಕೆಲಸ ಮಾಡಿಸಬೇಕಾದರೆ ಅದಕ್ಕೆ ತಿಳಿಯುವ ಭಾಷೆಯಲ್ಲಿ ಹಂತ ಹಂತವಾಗಿ ಸೂಚನೆಗಳನ್ನು ಕೊಡಬೇಕು. ಈ ಸೂಚನೆಗಳ ಸರಣಿಯೇ ಪ್ರೋಗ್ರಾಮು ಅಥವಾ ಕ್ರಮವಿಧಿ. ಅದನ್ನು ಬರೆಯುವುದು ಮನುಷ್ಯರ ಕೆಲಸ ಎಂದೇ ಬಹುಕಾಲ ಭಾವಿಸಲಾಗಿತ್ತು. 2021ರ ಜೂನ್ 29ರಂದು ಗಿಟ್‌ಹಬ್ ಸಂಸ್ಥೆಯು ‘ಕೋಪೈಲಟ್’ ಎಂಬ ತಂತ್ರಾಂಶವನ್ನು ಪ್ರಾಯೋಗಿಕವಾಗಿ ಹೊರತಂದಾಗ ಈ ಭಾವನೆ ಅಲುಗಾಡಿತು. ಏನು ಬೇಕೆಂದು ಒಂದು ಸಾಲಿನ ಟಿಪ್ಪಣಿ ಬರೆದರೆ ಸಾಕು, ಮುಂದಿನ ಕೋಡನ್ನು ಅದೇ ಬರೆದು ತೋರಿಸುತ್ತಿತ್ತು. ಈಗ ಇಂತಹ ಸಹಾಯಕ ತಂತ್ರಾಂಶಗಳು ಹಲವಾರಿವೆ. ಇಡೀ ಕಡತಗಳನ್ನು ಓದಿ, ತಿದ್ದಿ, ಓಡಿಸಿ ನೋಡುವಷ್ಟು ಅವು ಮುಂದುವರಿದಿವೆ. ನಮ್ಮ ಕಾಲೇಜುಗಳ ಗಣಕ ಪ್ರಯೋಗಾಲಯಗಳಿಗೂ ಅವು ಬಂದಿವೆ.

ಕೋಪೈಲಟ್ ಎಂದರೆ ಸಹಚಾಲಕ. ಅದರ ತಯಾರಕರು ಅದನ್ನು ಪ್ರೋಗ್ರಾಮರನ ಪಕ್ಕದಲ್ಲಿ ಕೂತು ಕೆಲಸ ಮಾಡುವ ಜೊತೆಗಾರ ಎಂದು ಪರಿಚಯಿಸಿದರು. ವಿಮಾನದ ಸಹಚಾಲಕನಿಗೆ ತರಬೇತಿ ಇರುತ್ತದೆ, ಪರವಾನಗಿ ಇರುತ್ತದೆ. ಅಪಘಾತವಾದರೆ ವಿಚಾರಣೆಯಲ್ಲಿ ಅವನೂ ಉತ್ತರ ಹೇಳಬೇಕು. ಕೋಡ್ ಬರೆಯುವ ಯಂತ್ರಕ್ಕೆ ಈ ಹೆಸರು ಎಷ್ಟರ ಮಟ್ಟಿಗೆ ಸಲ್ಲುತ್ತದೆ? ಅದನ್ನು ಬಳಸುವವರ ಮೇಲೆ ಯಾವ ಹೊಣೆ ಬೀಳುತ್ತದೆ? ಇವೆರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಯಂತ್ರ ಬರೆಯುವ ಬಗೆ

ಕೋಪೈಲಟ್‌ನ ಮೊದಲ ಆವೃತ್ತಿಯ ಹಿಂದೆ ಇದ್ದದ್ದು ಓಪನ್‌ಎಐ ಸಂಸ್ಥೆಯ ‘ಕೋಡೆಕ್ಸ್’ ಎಂಬ ಭಾಷಾಮಾದರಿ. 2021ರ ಜುಲೈಯಲ್ಲಿ ಅದರ ಬಗ್ಗೆ ಒಂದು ಸಂಶೋಧನಾ ಲೇಖನ ಪ್ರಕಟವಾಯಿತು. ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿದ್ದ 5 ಕೋಟಿ 40 ಲಕ್ಷ ಕೋಡ್ ಭಂಡಾರಗಳಿಂದ ಪೈಥಾನ್ ಕಡತಗಳನ್ನು ಆರಿಸಿ, ಸೋಸಿ, ಕೊನೆಗೆ ಉಳಿದ 159 ಗಿಗಾಬೈಟ್‌ನಷ್ಟು ಕೋಡನ್ನು ಮಾದರಿಗೆ ಉಣಿಸಲಾಗಿತ್ತು. ಈ ರಾಶಿಯನ್ನು ನೋಡಿ ಅದು ಕಲಿತದ್ದು ಒಂದೇ ವಿದ್ಯೆ: ಇಲ್ಲಿಯವರೆಗೆ ಬರೆದಿರುವುದನ್ನು ನೋಡಿ, ಮುಂದೆ ಬರುವ ಸಾಧ್ಯತೆ ಹೆಚ್ಚಾಗಿರುವ ತುಣುಕನ್ನು ಊಹಿಸುವುದು. ಹೀಗೆ ಒಂದರ ಮುಂದೊಂದು ತುಣುಕು ಇಟ್ಟುಕೊಂಡು ಹೋದಾಗ ಪ್ರೋಗ್ರಾಮು ಸಿದ್ಧವಾಗುತ್ತದೆ.

ಮಾದರಿಯ ಸಾಮರ್ಥ್ಯ ಅಳೆಯಲು 164 ಸಣ್ಣ ಸಮಸ್ಯೆಗಳ ಒಂದು ಪರೀಕ್ಷೆಯನ್ನು ರಚಿಸಲಾಯಿತು. ಒಂದೇ ಪ್ರಯತ್ನದಲ್ಲಿ ಕೋಡೆಕ್ಸ್ ಶೇಕಡ 28.8ರಷ್ಟನ್ನು ಸರಿಯಾಗಿ ಬಿಡಿಸಿತು. ಪ್ರತಿ ಸಮಸ್ಯೆಗೆ 100 ಸಲ ಉತ್ತರ ಬರೆಸಿದರೆ, ಶೇಕಡ 70.2ರಷ್ಟು ಸಮಸ್ಯೆಗಳಿಗೆ ಒಂದಾದರೂ ಸರಿಯುತ್ತರ ಸಿಗುತ್ತಿತ್ತು. ಆ ನೂರರಲ್ಲಿ ಸರಿಯಾದದ್ದು ಯಾವುದೆಂದು ಆರಿಸಲು ಹೊರಗಿನ ಪರೀಕ್ಷೆ ಬೇಕು ಎಂಬುದನ್ನು ಮರೆಯಬಾರದು. ನಂತರ ಬಂದ ಮಾದರಿಗಳು ಇದೇ ಪರೀಕ್ಷೆಯಲ್ಲಿ ಬಹುಪಾಲು ಸಮಸ್ಯೆಗಳನ್ನು ಬಿಡಿಸುತ್ತವೆ. ಪ್ರಗತಿ ನಿಜ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು. ಕೊಟ್ಟ ಕೋಡಿನಲ್ಲಿ ಸಣ್ಣ ದೋಷಗಳಿದ್ದರೆ, ಮಾದರಿ ಬರೆಯುವ ಮುಂದಿನ ಕೋಡಿನ ಗುಣವೂ ಇಳಿಯುತ್ತಿತ್ತು. ಸರಿಯಾಗಿ ಬರೆಯೆಂದು ಸ್ಪಷ್ಟವಾಗಿ ಕೇಳಿದರೂ ಈ ಪ್ರವೃತ್ತಿ ಹೋಗುತ್ತಿರಲಿಲ್ಲ. ಸುತ್ತಲೂ ಇರುವುದಕ್ಕೆ ಹೊಂದುವಂತೆ ಬರೆಯುವುದು ಅದರ ಸ್ವಭಾವ.

ಬಹುಮತದ ತಪ್ಪು

ಈ ಸ್ವಭಾವದ ಪರಿಣಾಮವನ್ನು ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಒಂದು ಉದಾಹರಣೆಯಿಂದ ತಿಳಿಯೋಣ. ಅನುಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಹುಡುಕಲು ‘ಬೈನರಿ ಸರ್ಚ್’ ವಿಧಾನವಿದೆ. ಪಟ್ಟಿಯ ಮಧ್ಯದ ಸಂಖ್ಯೆಯನ್ನು ನೋಡಿ, ಬೇಕಾದದ್ದು ಎಡಕ್ಕಿದೆಯೋ ಬಲಕ್ಕಿದೆಯೋ ತೀರ್ಮಾನಿಸಿ, ಉಳಿದರ್ಧವನ್ನು ಬಿಡುತ್ತಾ ಹೋಗುವುದು. ಮಧ್ಯಸ್ಥಾನ ಕಂಡುಹಿಡಿಯಲು ಆರಂಭ ಮತ್ತು ಅಂತ್ಯದ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸಬೇಕು ಎಂದು ಪುಸ್ತಕಗಳಲ್ಲಿ ಓದಿದ್ದೇವೆ. ಗಣಿತದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ.

ಆದರೆ ಜಾವಾದಂತಹ ಭಾಷೆಯಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 32 ಬಿಟ್ ಜಾಗ ಮಾತ್ರ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಆರಂಭದ ಸ್ಥಾನ 150 ಕೋಟಿ, ಅಂತ್ಯದ ಸ್ಥಾನ 160 ಕೋಟಿ ಎಂದಿಟ್ಟುಕೊಳ್ಳಿ. ಮೊತ್ತ 310 ಕೋಟಿ. ಅದು ಆ ಜಾಗದಲ್ಲಿ ಹಿಡಿಸದೆ ಋಣ ಸಂಖ್ಯೆಯಾಗಿ ಬದಲಾಗುತ್ತದೆ. ಅರ್ಧ ಮಾಡಿದರೆ ಸಿಗುವುದೂ ಋಣ ಸ್ಥಾನವೇ, ಪ್ರೋಗ್ರಾಮು ಕುಸಿಯುತ್ತದೆ. ಅಂತ್ಯದಿಂದ ಆರಂಭವನ್ನು ಕಳೆದು, ಬಂದ 10 ಕೋಟಿಯನ್ನು ಅರ್ಧ ಮಾಡಿ ಆರಂಭಕ್ಕೆ ಕೂಡಿದರೆ 155 ಕೋಟಿ ಎಂಬ ಸರಿಯುತ್ತರ ಸಿಗುತ್ತದೆ. ಓದುಗರು ಸ್ವತಃ ಪರೀಕ್ಷಿಸಿ ನೋಡಬಹುದು.

ಜಾವಾ ಭಾಷೆಯ ಅಧಿಕೃತ ಗ್ರಂಥಾಲಯದಲ್ಲಿಯೇ ಈ ದೋಷ ಸುಮಾರು 9 ವರ್ಷ ಅಡಗಿ ಕುಳಿತಿತ್ತು ಎಂದು, ಆ ಕೋಡನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ತಿಳಿಸಿದರು. ಜಗತ್ತಿನ ಅಸಂಖ್ಯಾತ ಪ್ರೋಗ್ರಾಮುಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಇದೇ ರೂಪವಿತ್ತು. ಹೆಚ್ಚು ಜನ ಬರೆದದ್ದನ್ನು ನೋಡಿ ಕಲಿಯುವ ಯಂತ್ರ, ಹೆಚ್ಚು ಜನ ಮಾಡಿದ ತಪ್ಪನ್ನೂ ಕಲಿಯುವ ಸಾಧ್ಯತೆ ಇದ್ದೇ ಇದೆ. ವಿಜ್ಞಾನದಲ್ಲಿ ಬಹುಮತದಿಂದ ಸತ್ಯ ತೀರ್ಮಾನವಾಗುವುದಿಲ್ಲ ಎಂದು ನಾವು ತರಗತಿಯಲ್ಲಿ ಹೇಳುತ್ತೇವಷ್ಟೆ. ಅದು ಇಲ್ಲಿಗೂ ಅನ್ವಯಿಸುತ್ತದೆ.

ಇದು ಬರಿಯ ಊಹೆಯಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಕೋಪೈಲಟ್‌ಗೆ ಸುರಕ್ಷತೆಗೆ ಸಂಬಂಧಿಸಿದ 89 ಸನ್ನಿವೇಶಗಳನ್ನು ಕೊಟ್ಟು 1,689 ಪ್ರೋಗ್ರಾಮುಗಳನ್ನು ಬರೆಸಿದರು. ಅವುಗಳಲ್ಲಿ ಸುಮಾರು ಶೇಕಡ 40ರಲ್ಲಿ, ದುರುದ್ದೇಶದವರು ಒಳನುಗ್ಗಬಹುದಾದ ದೌರ್ಬಲ್ಯಗಳಿದ್ದವು. ದೋಷಗಳಿಗೆ ಅವಕಾಶವಿರುವ ಸನ್ನಿವೇಶಗಳನ್ನೇ ಆರಿಸಿದ್ದರಿಂದ ಈ ಅಂಕಿಯನ್ನು ಎಲ್ಲ ಕೋಡಿಗೂ ಹಚ್ಚುವಂತಿಲ್ಲ. ಆದರೂ ಬ್ಯಾಂಕು, ಆಸ್ಪತ್ರೆ, ಪರೀಕ್ಷಾ ಫಲಿತಾಂಶಗಳ ತಂತ್ರಾಂಶಗಳಲ್ಲಿ ಇಂತಹ ಸನ್ನಿವೇಶಗಳು ದಿನನಿತ್ಯ ಎದುರಾಗುತ್ತವೆ.

ಇನ್ನೊಂದು ವಿಚಿತ್ರ ದೋಷವೂ ಇದೆ. ಪ್ರೋಗ್ರಾಮು ಬರೆಯುವಾಗ ಇತರರು ಸಿದ್ಧಪಡಿಸಿದ ಕೋಡಿನ ಕಟ್ಟುಗಳನ್ನು, ಅಂದರೆ ‘ಪ್ಯಾಕೇಜು’ಗಳನ್ನು, ಹೆಸರು ಹೇಳಿ ಕರೆಸಿಕೊಳ್ಳುವುದು ವಾಡಿಕೆ. 2024ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು 16 ಭಾಷಾಮಾದರಿಗಳಿಂದ 5 ಲಕ್ಷ 76 ಸಾವಿರ ಕೋಡ್ ತುಣುಕುಗಳನ್ನು ಬರೆಸಿ ಪರಿಶೀಲಿಸಿತು. ಅಸ್ತಿತ್ವದಲ್ಲೇ ಇಲ್ಲದ 2 ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಪ್ಯಾಕೇಜುಗಳ ಹೆಸರುಗಳು ಅವುಗಳಲ್ಲಿದ್ದವು. ಕಿಡಿಗೇಡಿಯೊಬ್ಬ ಅಂತಹ ಹೆಸರಿನಲ್ಲಿ ವಿಷಪೂರಿತ ಪ್ಯಾಕೇಜನ್ನು ಮೊದಲೇ ತಯಾರಿಸಿಟ್ಟರೆ, ಯಂತ್ರದ ಮಾತು ನಂಬಿದವರು ಅದನ್ನು ತಾವಾಗಿಯೇ ಒಳಗೆ ಬಿಟ್ಟುಕೊಂಡಂತಾಗುತ್ತದೆ.

ಯಾರ ಶ್ರಮ, ಯಾರ ಹೆಸರು?

ಯಂತ್ರ ಕಲಿತ ಕೋಡ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಆಳವಾದದ್ದು. ಮುಕ್ತ ತಂತ್ರಾಂಶದ ಲೇಖಕರು ತಮ್ಮ ಕೋಡನ್ನು ಹಣ ಕೇಳದೆ ಎಲ್ಲರ ಮುಂದಿಟ್ಟಿದ್ದಾರೆ, ನಿಜ. ಆದರೆ ಷರತ್ತಿಲ್ಲದೆ ಇಟ್ಟಿಲ್ಲ. ಎಂಐಟಿ ಪರವಾನಗಿಯ ಪ್ರಕಾರ ಮೂಲ ಲೇಖಕರ ಹೆಸರಿರುವ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಳ್ಳಬೇಕು. ಜಿಪಿಎಲ್ ಪರವಾನಗಿಯಾದರೆ, ಆ ಕೋಡನ್ನು ಸೇರಿಸಿ ಹೊರಗೆ ಹಂಚಿದ ತಂತ್ರಾಂಶವನ್ನೂ ಅದೇ ಷರತ್ತಿನಡಿ ಮುಕ್ತವಾಗಿ ಕೊಡಬೇಕು. ತಮಗೆ ಸಿಕ್ಕ ಸ್ವಾತಂತ್ರ್ಯ ಮುಂದಿನವರಿಗೂ ಸಿಗಲಿ ಎಂಬುದು ಇದರ ಆಶಯ. ಹೆಸರು ಮತ್ತು ಈ ಆಶಯ, ಇವೆರಡೇ ಆ ಲೇಖಕರು ಬಯಸಿದ ಪ್ರತಿಫಲ.

2021ರ ಜುಲೈಯಲ್ಲಿ ಪ್ರೋಗ್ರಾಮರೊಬ್ಬರು ಕೋಪೈಲಟ್‌ನಿಂದ ವರ್ಗಮೂಲದ ವಿಲೋಮವನ್ನು ವೇಗವಾಗಿ ಲೆಕ್ಕಹಾಕುವ ಕೋಡ್ ಬರೆಸಿ ತೋರಿಸಿದರು. ಬಂದದ್ದು 1999ರ ‘ಕ್ವೇಕ್ 3’ ಗಣಕ ಆಟದ ಪ್ರಸಿದ್ಧ ಕೋಡು, ಮೂಲದವರ ಟಿಪ್ಪಣಿಗಳ ಸಮೇತ! 2005ರಲ್ಲಿ ಜಿಪಿಎಲ್ ಅಡಿಯಲ್ಲಿ ಬಿಡುಗಡೆಯಾದ ಈ ಕೋಡಿಗೆ ಯಂತ್ರ ಬೇರೆ ಯಾವುದೋ ಪರವಾನಗಿಯ ಪಠ್ಯವನ್ನು ಅಂಟಿಸಿತ್ತು. 2022ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಿಮ್ ಡೇವಿಸ್ ಅವರು, ತಾವು ಬರೆದ ವಿರಳ ಮಾತೃಕೆಗಳ ಕೋಡು ತಮ್ಮ ಹೆಸರಾಗಲಿ ಪರವಾನಗಿಯಾಗಲಿ ಇಲ್ಲದೆ ಹೊರಬರುತ್ತಿರುವುದನ್ನು ಬಹಿರಂಗಪಡಿಸಿದರು.

ಇಂತಹ ಕೋಡಿನಿಂದ ಕಲಿತ ಸೇವೆಗೆ 2022ರಲ್ಲಿ ತಿಂಗಳಿಗೆ 10 ಡಾಲರ್ ಬೆಲೆ ನಿಗದಿಯಾಯಿತು. ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ವಿನಾಯಿತಿ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕೆಲವು ಲೇಖಕರು ಗಿಟ್‌ಹಬ್, ಅದರ ಒಡೆತನದ ಮೈಕ್ರೋಸಾಫ್ಟ್ ಮತ್ತು ಓಪನ್‌ಎಐ ವಿರುದ್ಧ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2024ರಲ್ಲಿ ನ್ಯಾಯಾಧೀಶರು ಬಹಳಷ್ಟು ಆರೋಪಗಳನ್ನು ತಳ್ಳಿಹಾಕಿದರು. ಪರವಾನಗಿಯ ಷರತ್ತು ಮುರಿದ ಆರೋಪ ಉಳಿಯಿತು. ಒಂದು ಮುಖ್ಯ ಪ್ರಶ್ನೆ ಮೇಲ್ಮನವಿ ನ್ಯಾಯಾಲಯದ ಮೆಟ್ಟಿಲೇರಿತು.

ಕಾನೂನಿನ ತೀರ್ಮಾನ ಏನೇ ಆಗಲಿ, ನೀತಿಯ ಪ್ರಶ್ನೆ ಬೇರೆಯೇ ಉಳಿಯುತ್ತದೆ. ತಯಾರಕರ ವಾದ ಹೀಗಿದೆ: ಮನುಷ್ಯರೂ ಇತರರ ಕೋಡನ್ನು ಓದಿಯೇ ಕಲಿಯುತ್ತಾರೆ, ಯಂತ್ರ ಓದಿದರೆ ತಪ್ಪೇನು? ಇದರಲ್ಲಿ ಅರ್ಧ ಸತ್ಯವಿದೆ. ಓದಿ ಕಲಿತ ವಿದ್ಯಾರ್ಥಿ ತಾನು ಯಾರಿಂದ ಕಲಿತೆನೆಂದು ಹೇಳಬಲ್ಲ, ಯಥಾವತ್ತಾಗಿ ಇಳಿಸಿದರೆ ಅದು ನಕಲೆಂದು ಅವನಿಗೆ ಗೊತ್ತಿರುತ್ತದೆ. ಯಂತ್ರಕ್ಕೆ ಈ ಎರಡೂ ಗೊತ್ತಿರುವುದಿಲ್ಲ. ಅದನ್ನು ಬಳಸುವವರಿಗೂ ಗೊತ್ತಾಗದಂತೆ ಮಾಡುತ್ತದೆ. ಸುಮಾರು 150 ಅಕ್ಷರಗಳಷ್ಟು ಕೋಡು ಸಾರ್ವಜನಿಕ ಕೋಡಿನೊಂದಿಗೆ ಹೊಂದಿಕೆಯಾದರೆ ತಡೆಯುವ ಸೋಸುವ ವ್ಯವಸ್ಥೆಯನ್ನು ಗಿಟ್‌ಹಬ್ ಆಮೇಲೆ ಸೇರಿಸಿತು. ಒಳ್ಳೆಯದೇ. ಆದರೆ ಚರಗಳ ಹೆಸರು ಬದಲಾಯಿಸಿದ ನಕಲು ಎಷ್ಟರ ಮಟ್ಟಿಗೆ ನಕಲು ಎಂಬುದನ್ನು ಅಕ್ಷರ ಎಣಿಸಿ ತೀರ್ಮಾನಿಸಲಾಗದು. ಉತ್ತರ ಪತ್ರಿಕೆ ತಿದ್ದುವ ಪ್ರತಿಯೊಬ್ಬ ಶಿಕ್ಷಕರಿಗೂ ಇದು ತಿಳಿದ ವಿಷಯ. ಜೆಂಟೂ ಎಂಬ ಮುಕ್ತ ತಂತ್ರಾಂಶ ಯೋಜನೆ 2024ರಲ್ಲಿ ಯಂತ್ರ ಬರೆದ ಕೋಡನ್ನು ಸ್ವೀಕರಿಸುವುದಿಲ್ಲವೆಂದು ನಿರ್ಧರಿಸಿದಾಗ ಕೊಟ್ಟ ಕಾರಣಗಳಲ್ಲಿ ಹಕ್ಕುಸ್ವಾಮ್ಯದ ಈ ಅನಿಶ್ಚಿತತೆಯೂ ಒಂದು.

ಜೊತೆಗಾರ ಎಂಬ ಮಾತು

ಇಬ್ಬರು ಒಂದೇ ಗಣಕದ ಮುಂದೆ ಕುಳಿತು ಪ್ರೋಗ್ರಾಮು ಬರೆಯುವ ಪದ್ಧತಿಯನ್ನು ಕೆಂಟ್ ಬೆಕ್ ಅವರು 1999ರಲ್ಲಿ ತಮ್ಮ ಪುಸ್ತಕದ ಮೂಲಕ ಪ್ರಸಿದ್ಧಗೊಳಿಸಿದರು. ಒಬ್ಬರು ಬರೆಯುತ್ತಿದ್ದರೆ ಇನ್ನೊಬ್ಬರು ನೋಡುತ್ತಾ ಪ್ರಶ್ನೆ ಕೇಳುತ್ತಾರೆ. “ಪಟ್ಟಿ ಖಾಲಿ ಇದ್ದರೆ ಏನಾಗುತ್ತದೆ?” “ಸಂಖ್ಯೆ ಋಣವಾದರೆ?” ಈ ತಡೆಯೇ ಜೋಡಿ ಕೆಲಸದ ಪ್ರಯೋಜನ. ಕೋಡ್ ಬರೆಯುವ ಯಂತ್ರ ಸಾಮಾನ್ಯವಾಗಿ ತಡೆಯುವುದಿಲ್ಲ, ಒದಗಿಸುತ್ತದೆ. ಅದು ಬರೆಯುವ ಕೈಯನ್ನು ವೇಗಗೊಳಿಸುತ್ತದೆ. ಸಂಶಯ ಪಡುವ ಕೆಲಸವೆಲ್ಲ ಬಳಸುವವರ ಪಾಲಿಗೇ ಉಳಿಯುತ್ತದೆ.

ಬಳಸುವವರು ಆ ಕೆಲಸ ಮಾಡುತ್ತಾರೆಯೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ 47 ಮಂದಿಯ ಮೇಲೆ ನಡೆಸಿದ ಪ್ರಯೋಗ ಇಲ್ಲಿ ಉಪಯುಕ್ತ. ಸಹಾಯಕ ತಂತ್ರಾಂಶ ಇದ್ದವರು ಬರೆದ ಕೋಡು, ಇಲ್ಲದವರ ಕೋಡಿಗಿಂತ ಕಡಿಮೆ ಸುರಕ್ಷಿತವಾಗಿತ್ತು. ಆದರೆ ತಮ್ಮ ಕೋಡು ಸುರಕ್ಷಿತವೆಂಬ ನಂಬಿಕೆ ಅವರಲ್ಲೇ ಹೆಚ್ಚಾಗಿತ್ತು. ಯಂತ್ರವನ್ನು ಅಷ್ಟಾಗಿ ನಂಬದೆ, ಪ್ರಶ್ನೆಯನ್ನು ಮತ್ತೆ ಮತ್ತೆ ತಿದ್ದಿ ಕೇಳಿದವರ ಕೋಡಿನಲ್ಲಿ ದೋಷ ಕಡಿಮೆ ಇತ್ತು ಎಂಬುದೂ ಗಮನಾರ್ಹ.

ವೇಗದ ವಿಷಯದಲ್ಲೂ ಎಚ್ಚರ ಬೇಕು. 2023ರಲ್ಲಿ ಪ್ರಕಟವಾದ, ಗಿಟ್‌ಹಬ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರೂ ಇದ್ದ ಅಧ್ಯಯನದಲ್ಲಿ, ಕೋಪೈಲಟ್ ಬಳಸಿದವರು ಒಂದು ನಿಗದಿತ ಕೆಲಸವನ್ನು ಶೇಕಡ 55.8ರಷ್ಟು ಬೇಗ ಮುಗಿಸಿದರು. 2025ರಲ್ಲಿ ಮೀಟರ್ ಎಂಬ ಸಂಶೋಧನಾ ಸಂಸ್ಥೆ 16 ಅನುಭವಿ ಪ್ರೋಗ್ರಾಮರುಗಳಿಗೆ ಅವರದೇ ಯೋಜನೆಗಳ 246 ನೈಜ ಕೆಲಸಗಳನ್ನು ಕೊಟ್ಟಾಗ, ಯಂತ್ರದ ನೆರವಿದ್ದಾಗ ಅವರಿಗೆ ಶೇಕಡ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೂ ಕೆಲಸ ಮುಗಿಸಿದ ಮೇಲೆ ತಾವು ಶೇಕಡ 20ರಷ್ಟು ಬೇಗ ಮುಗಿಸಿದೆವೆಂದೇ ಅವರು ಭಾವಿಸಿದ್ದರು! ಹೊಸ ಸಣ್ಣ ಕೆಲಸ ಒಂದು ಬಗೆ, ವರ್ಷಗಟ್ಟಲೆ ಬೆಳೆದ ದೊಡ್ಡ ಕೋಡು ಇನ್ನೊಂದು ಬಗೆ. ಆದ್ದರಿಂದ ಈ ಎರಡು ಫಲಿತಾಂಶಗಳು ಪರಸ್ಪರ ವಿರುದ್ಧವಲ್ಲ. ಆದರೆ ಸ್ಟ್ಯಾನ್‌ಫರ್ಡ್ ಪ್ರಯೋಗ ಮತ್ತು ಈ ಪ್ರಯೋಗ ಸೇರಿ ಒಂದು ವಿಷಯ ಹೇಳುತ್ತವೆ: ಯಂತ್ರದಿಂದ ತಮಗಾದ ಲಾಭವನ್ನು ಅಳೆಯುವಲ್ಲಿ ಬಳಸುವವರ ಸ್ವಂತ ಅನಿಸಿಕೆ ನಂಬಲರ್ಹವಲ್ಲ.

ಅರ್ಥಮಾಡಿಕೊಳ್ಳದೆ ಕೋಡನ್ನು ಸೇರಿಸಿದರೆ ಏನಾಗಬಹುದು ಎಂಬುದಕ್ಕೆ ಯಂತ್ರಗಳ ಕಾಲಕ್ಕಿಂತ ಹಿಂದಿನ ಪಾಠವೊಂದಿದೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಹೊರಟ 40 ಸೆಕೆಂಡುಗಳೊಳಗೆ ನಾಶವಾಯಿತು. ಅದರೊಂದಿಗೆ ಕ್ಲಸ್ಟರ್ ಯೋಜನೆಯ 4 ಉಪಗ್ರಹಗಳೂ ಹೋದವು. ಏರಿಯಾನ್ 4ರಲ್ಲಿ ನಿರ್ದುಷ್ಟವಾಗಿ ಕೆಲಸ ಮಾಡಿದ್ದ ಕೋಡನ್ನೇ ಅದರಲ್ಲಿ ಬಳಸಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಿಸಿದ ಮೌಲ್ಯ ಹೆಚ್ಚಾಗಿದ್ದರಿಂದ, 64 ಬಿಟ್ ಸಂಖ್ಯೆ 16 ಬಿಟ್ ಜಾಗದಲ್ಲಿ ಹಿಡಿಸಲಿಲ್ಲ. ಕೋಡು ಒಳ್ಳೆಯದೇ ಆಗಿತ್ತು. ಅದು ಯಾವ ನಂಬಿಕೆಯ ಮೇಲೆ ನಿಂತಿದೆ ಎಂದು ಯಾರೂ ಮತ್ತೆ ಕೇಳಲಿಲ್ಲ. ಅಲ್ಲಿ ಕನಿಷ್ಠ ಮೂಲ ಲೇಖಕರಿದ್ದರು, ದಾಖಲೆಗಳಿದ್ದವು, ವಿಚಾರಣಾ ಮಂಡಳಿ ತಿಂಗಳೆರಡರೊಳಗೆ ಕಾರಣ ಹುಡುಕಿತು. ಯಂತ್ರ ಬರೆದ ಕೋಡಿನ ಹಿಂದಿನ ನಂಬಿಕೆಗಳನ್ನು ಕೇಳಲು ಅಂತಹ ಲೇಖಕರೇ ಇರುವುದಿಲ್ಲ.

ಕಂಪೈಲರಿನ ಹೋಲಿಕೆ

ಕಂಪೈಲರ್ ಬಂದಾಗಲೂ ಹೀಗೆಯೇ ಅಪನಂಬಿಕೆ ಇತ್ತಲ್ಲ ಎಂದು ಕೆಲವರು ಕೇಳುತ್ತಾರೆ. 1957ರಲ್ಲಿ ಐಬಿಎಂನ ಫೋರ್ಟ್ರಾನ್ ಬಂದಾಗ, ಮನುಷ್ಯರು ಬರೆದಷ್ಟು ಚುರುಕಾದ ಯಂತ್ರಸಂಕೇತವನ್ನು ತಂತ್ರಾಂಶ ಬರೆಯಬಲ್ಲದೆ ಎಂಬ ಸಂಶಯ ಇದ್ದದ್ದು ನಿಜ. ಇಂದು ಕಂಪೈಲರ್ ಹೊರಡಿಸಿದ ಸಂಕೇತವನ್ನು ಯಾರೂ ಸಾಲು ಸಾಲಾಗಿ ಓದುವುದಿಲ್ಲ. ಹಾಗಾದರೆ ಈ ಯಂತ್ರದ ಕೋಡನ್ನೇಕೆ ಓದಬೇಕು?

ಹೋಲಿಕೆ ಆಕರ್ಷಕ, ಆದರೆ ಸರಿಯಲ್ಲ. ಕಂಪೈಲರಿಗೆ ಕೊಡುವ ಭಾಷೆಯಲ್ಲಿ ಪ್ರತಿ ವಾಕ್ಯಕ್ಕೂ ನಿಗದಿತ ಅರ್ಥವಿದೆ. ಆ ಅರ್ಥವನ್ನು ಕಾಪಾಡುವುದೇ ಅದರ ಕರ್ತವ್ಯ. ಕಾಪಾಡದಿದ್ದರೆ ಅದನ್ನು ದೋಷವೆಂದು ತೋರಿಸಿ ತಿದ್ದಿಸಬಹುದು. ಸಹಾಯಕ ತಂತ್ರಾಂಶಕ್ಕೆ ಕೊಡುವುದು ಆಡುಮಾತು. ‘ವಿದ್ಯಾರ್ಥಿಗಳ ಸರಾಸರಿ ಅಂಕ ಲೆಕ್ಕಹಾಕು’ ಎಂದರೆ ಗೈರುಹಾಜರಾದವರನ್ನು ಸೊನ್ನೆ ಎಂದು ಸೇರಿಸಬೇಕೆ, ಬಿಡಬೇಕೆ? ನಾವು ಹೇಳಲಿಲ್ಲ, ಯಂತ್ರ ಯಾವುದೋ ಒಂದನ್ನು ಆರಿಸಿಕೊಂಡಿತು. ಯಾರ ಫಲಿತಾಂಶ ಹೇಗಾಗಬೇಕೆಂಬ ಒಂದು ತೀರ್ಮಾನ ಯಾರ ಗಮನಕ್ಕೂ ಬಾರದೆ ಆಗಿಹೋಯಿತು. ಕೋಡ್ ಬರೆಯುವುದೆಂದರೆ ಇಂತಹ ನೂರಾರು ತೀರ್ಮಾನಗಳನ್ನು ಮಾಡುವುದು. ಓದದೆ ಒಪ್ಪಿಕೊಂಡವರು ಕೆಲಸದೊಂದಿಗೆ ತೀರ್ಮಾನವನ್ನೂ ಬಿಟ್ಟುಕೊಟ್ಟಂತೆ. ಹೊಣೆ ಮಾತ್ರ ಅವರಲ್ಲೇ ಉಳಿಯುತ್ತದೆ.

ನಮ್ಮ ಕಾನೂನಿನ ನೋಟವೂ ಇದಕ್ಕೆ ಹತ್ತಿರದ್ದೇ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆ ಗಣಕ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. 1994ರ ತಿದ್ದುಪಡಿಯ ನಂತರ, ಗಣಕದಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಇಂದಿನ ಯಂತ್ರಗಳನ್ನು ಕಂಡು ಬರೆದ ಮಾತಲ್ಲ ಅದು. ಆದರೂ ಕರ್ತೃವಿನ ಸ್ಥಾನದಲ್ಲಿ ಅದು ಮನುಷ್ಯರನ್ನೇ ಹುಡುಕುತ್ತದೆ. ಹೆಸರು ನಮಗೆ ಬೇಕೆಂದರೆ ಹೊಣೆಯೂ ನಮ್ಮದೇ.

ತರಗತಿಯಲ್ಲಿ ಏನು ಮಾಡಬಹುದು?

ಕಲಿಯುವವರ ವಿಷಯ ಇನ್ನೂ ಸೂಕ್ಷ್ಮ. ವೃತ್ತಿಯಲ್ಲಿರುವವರಿಗೆ ಬೇಕಾದದ್ದು ಕೆಲಸ ಮಾಡುವ ಪ್ರೋಗ್ರಾಮು. ವಿದ್ಯಾರ್ಥಿಗೆ ಬೇಕಾದದ್ದು ಪ್ರೋಗ್ರಾಮು ಬರೆಯಬಲ್ಲ ಮನಸ್ಸು. ಯಂತ್ರ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕಸಿದುಕೊಳ್ಳಬಹುದು. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ಕಲಿಕೆಯನ್ನು ಕುರಿತ ಅಧ್ಯಯನ 2025ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉತ್ತರ ಕೊಡುವ ಯಂತ್ರವನ್ನು ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇಕಡ 48ರಷ್ಟು ಮುಂದಿದ್ದರು. ಯಂತ್ರವಿಲ್ಲದೆ ಪರೀಕ್ಷೆ ಬರೆದಾಗ, ಅದನ್ನು ಎಂದೂ ಬಳಸದವರಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು. ಉತ್ತರದ ಬದಲು ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಯಂತ್ರ ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಇದು ಗಣಿತದ ಅಧ್ಯಯನವಾದರೂ ಕೋಡ್ ಕಲಿಕೆಗೆ ದೂರದ್ದೇನಲ್ಲ.

ಹಾಗೆಂದು ಪೂರ್ತಿ ನಿಷೇಧಿಸುವುದೂ ಉಚಿತವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿಯೊಬ್ಬಳಿಗೆ, ಕಂಪೈಲರ್ ಇಂಗ್ಲಿಷಿನಲ್ಲಿ ಕೊಟ್ಟ ದೋಷಸೂಚನೆಯ ಅರ್ಥವನ್ನು ಕನ್ನಡದಲ್ಲಿ, ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುವ ಸಾಧನವಿದು. ಕೇಳಲು ಹಿರಿಯ ಗೆಳೆಯರಿಲ್ಲದ ಊರಿನಲ್ಲಿ ಇದರ ಬೆಲೆ ದೊಡ್ಡದು. ನಗರದ ವಿದ್ಯಾರ್ಥಿ ಮನೆಯಲ್ಲಿ ಬಳಸುತ್ತಲೇ ಇರುವಾಗ ಪ್ರಯೋಗಾಲಯದಲ್ಲಿ ಮಾತ್ರ ನಿಷೇಧಿಸಿದರೆ ನಷ್ಟವಾಗುವುದು ಅವಳಿಗೆ.

ಅಲ್ಲದೆ ನಮ್ಮಲ್ಲಿ ನಕಲು ಯಂತ್ರದೊಂದಿಗೆ ಬಂದದ್ದಲ್ಲ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ಅಕ್ಷರಶಃ ಇಳಿಸುವ ರೂಢಿ ಹಳೆಯದು. ಅಂದವಾಗಿ ಬರೆದ ರೆಕಾರ್ಡಿಗೆ ಅಂಕ ಕೊಡುತ್ತಾ ಬಂದ ಪದ್ಧತಿಯ ದೌರ್ಬಲ್ಯವನ್ನು ಯಂತ್ರ ಈಗ ಎತ್ತಿ ತೋರಿಸಿದೆ, ಅಷ್ಟೆ. ಆದ್ದರಿಂದ ಮೌಲ್ಯಮಾಪನದ ತೂಕ ಬರಹದಿಂದ ವಿವರಣೆಯ ಕಡೆಗೆ ಸರಿಯಬೇಕು. ಮೌಖಿಕ ಪರೀಕ್ಷೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದನ್ನು ಶಾಸ್ತ್ರಕ್ಕೆ ನಡೆಸದೆ, ‘ಈ ಸಾಲು ತೆಗೆದರೆ ಏನಾಗುತ್ತದೆ?’, ‘ಪಟ್ಟಿ ಖಾಲಿ ಇದ್ದರೆ?’ ಎಂದು ಕೇಳಿದರೆ ಸಾಕು. ಎರಡನೆಯದಾಗಿ, ಯಂತ್ರದ ನೆರವು ಪಡೆದಿದ್ದರೆ ಎಲ್ಲಿ, ಎಷ್ಟು, ಏನನ್ನು ತಿದ್ದಿದೆ ಎಂದು ರೆಕಾರ್ಡಿನಲ್ಲಿ ಬರೆಯುವ ಅಭ್ಯಾಸ ಮಾಡಿಸಬೇಕು. ಹಾಗೆ ಬರೆದವರ ಅಂಕ ಕಳೆಯಬಾರದು. ಮೂರನೆಯದಾಗಿ, ಯಂತ್ರ ಬರೆದ ಕೋಡನ್ನೇ ಕೊಟ್ಟು ದೋಷ ಹುಡುಕಿಸಬೇಕು. ಮೇಲೆ ಹೇಳಿದ ಬೈನರಿ ಸರ್ಚ್‌ನಿಂದಲೇ ಆರಂಭಿಸಬಹುದು. ಮೊದಲ ವರ್ಷದ ಮೂಲ ಪಾಠಗಳನ್ನು ಮಾತ್ರ ಯಂತ್ರದ ನೆರವಿಲ್ಲದೆ, ಕಾಗದದ ಮೇಲೆ ಕೈಯಿಂದ ಬಿಡಿಸಿಯೇ ಕಲಿಯುವುದು ಲೇಸು.

ಕೋಡ್ ಬರೆಯುವ ಯಂತ್ರ ಉಪಯುಕ್ತ ಸಾಧನ ಎಂಬುದರಲ್ಲಿ ಸಂಶಯವಿಲ್ಲ. ಸಹಚಾಲಕ ಎಂಬ ಹೆಸರು ಮಾತ್ರ ಅದಕ್ಕೆ ಸಲ್ಲದು, ಏಕೆಂದರೆ ವಿಚಾರಣೆಗೆ ಅದು ಬರುವುದಿಲ್ಲ. ಯಾರ ಶ್ರಮದಿಂದ ಅದು ಕಲಿತಿದೆಯೋ ಅವರ ಹೆಸರನ್ನು ಉಳಿಸುವ ಕರ್ತವ್ಯ ತಯಾರಕರದು. ಬಳಸುವವರ ಕರ್ತವ್ಯ ಇನ್ನೂ ಸರಳ: ತನಗೆ ವಿವರಿಸಲು ಬಾರದ ಕೋಡನ್ನು ತನ್ನದೆಂದು ಒಪ್ಪಿಸಬಾರದು. ಇಂದು ಪ್ರಯೋಗಾಲಯದಲ್ಲಿ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಆಸ್ಪತ್ರೆಯ ಉಪಕರಣಕ್ಕೆ, ರೈಲಿನ ಸಿಗ್ನಲ್ಲಿಗೆ ಕೋಡ್ ಬರೆಯುತ್ತಾರೆ. ಅದನ್ನು ಓದಿ ಅರ್ಥಮಾಡಿಕೊಂಡವರು ಒಬ್ಬರಾದರೂ ಇದ್ದಾರೆಂಬ ಭರವಸೆ ಆ ರೈಲಿನಲ್ಲಿ ಕುಳಿತವರಿಗೆ ಇರಬೇಕು.